ಇಳಿಯುವ ಮೆಟ್ಟಿಲು

ಮಾರ್ಚ್ 21, 1942. ಕ್ಯಾಲಂತಾ ಹಡಗು.

ಬೆಳಿಗ್ಗೆ ಊಟ ಬಡಿಸುವ ಬಿಳಿ ಜಾಕೆಟ್ಟಿಗೆ, ಬಿಳಿ ಗ್ಲೌಸಿಗೆ ಇಸ್ತ್ರಿ. ಮೇಜುಗಳಿಗೆ ಬಟ್ಟೆ ಹಾಸಿದೆ. ಯುದ್ಧ ಮೂರನೇ ವರ್ಷಕ್ಕೆ ಬಿತ್ತು, ಆದರೂ ಅಧಿಕಾರಿಗಳಿಗೆ ಮೀನಿಗೊಂದು ಚಾಕು, ಮಾಂಸಕ್ಕೊಂದು ಚಾಕು! ಇದು ಶ್ರೀಮಂತರ ಪ್ರಯಾಣದ ಹಡಗಾಗಿದ್ದ ಕಾಲದ ತೂಗುದೀಪಗಳು ಈಗ ಲಿವರ್‌ಪೂಲಿನ ಗೋದಾಮಿನಲ್ಲಿ ಒಣಹುಲ್ಲಿನೊಳಗೆ ಮಲಗಿವೆ. ಹಡಗಿಗೆಲ್ಲ ಬೂದಿ ಬಣ್ಣ ಬಳಿದಿದ್ದಾರೆ. ಈಜುಕೊಳದಲ್ಲಿ ನೀರಿಲ್ಲ, ಸಿಪಾಯಿಗಳು ಮಲಗುತ್ತಾರೆ.

ಎಲ್ಲಕ್ಕಿಂತ ಕೆಳಗಿನ ಡೆಕ್ಕಿನಲ್ಲಿ, ನೀರಿನ ಮಟ್ಟಕ್ಕಿಂತಲೂ ಕೆಳಗೆ, ನನ್ನ ತಮ್ಮ ನೆಡ್. ಅವನ ರೆಜಿಮೆಂಟು ನನ್ನ ಹಡಗನ್ನೇ ಹತ್ತಬೇಕೇ? ಈಜು ಬರುವುದಿಲ್ಲ ಅವನಿಗೆ. ನಾವಿಬ್ಬರೂ ಒಂದೇ ಹಡಗಿನಲ್ಲಿರುವುದು ಅಮ್ಮನಿಗೆ ಗೊತ್ತಿಲ್ಲ. ಗೊತ್ತಿದ್ದರೆ ಒಂದೇ ಮಾತು ಹೇಳುತ್ತಿದ್ದಳು — ಅವನನ್ನು ನೋಡಿಕೋ.

ಎಲ್ಲಿಗೆ ಹೊರಟಿದ್ದೇವೆಂದು ಯಾರೂ ಬಾಯಿ ಬಿಡುವುದಿಲ್ಲ. ಖಾಕಿ ಚಡ್ಡಿ ಹಂಚಿದ್ದಾರಲ್ಲ, ಬಿಸಿಲ ನಾಡೇ, ಸೂಯೆಜ್ ಇರಬೇಕು. ದಿನಚರಿ ಬರೆಯುವುದೂ ನಿಷೇಧ. ಬರೆಯದಿದ್ದರೆ ನನಗೆ ನಿದ್ದೆ ಬಾರದು.

ಮಾರ್ಚ್ 24.

ಹಡಗಿನ ತುಂಬ ಜನ. ಅದಕ್ಕೇ ಬಲಗಡೆಯ ಮೆಟ್ಟಿಲು ಇಳಿಯುವುದಕ್ಕೆ ಮಾತ್ರ, ಎಡಗಡೆಯದು ಹತ್ತುವುದಕ್ಕೆ ಮಾತ್ರ. ತಪ್ಪಿದರೆ ಸಾರ್ಜೆಂಟ್ ಪ್ಲಂಕೆಟ್ ಗಂಟಲು ಹರಿದುಕೊಳ್ಳುತ್ತಾನೆ.

ಇವತ್ತು ನೆಡ್ ಮೆಟ್ಟಿಲ ಬುಡದಲ್ಲಿ ಸಿಕ್ಕ. ಕರವಸ್ತ್ರದಲ್ಲಿ ಸುತ್ತಿದ್ದ ಕೋಳಿ ತುಂಡು ಕೊಟ್ಟೆ.

"ಏನಿದು? ಸಾಹೇಬ್ರು ಕಚ್ಚಿ ಬಿಟ್ಟಿದ್ದಾ?"

"ಮುಟ್ಟೂ ಇಲ್ವೋ. ತಿನ್ನು."

"ನಮ್ ಹುಡುಗ್ರು ನೀರಂಥಾ ಸ್ಟ್ಯೂ ಕುಡೀತಿರ್ಬೇಕಾದ್ರೆ ನಾನೊಬ್ನೇ ಇದನ್ನ ತಿನ್ಲಾ? ಹೋಗು ವಿಲ್ಫು, ಗ್ಲೌಸ್ ಹಾಕ್ಕೊ. ಸಾಹೇಬ್ರು ಕಾಯ್ತಿರ್ತಾರೆ."

ಹಿಂದಿದ್ದವರೆಲ್ಲ ಗೊಳ್ಳೆಂದರು. ಕೋಳಿ ಸಮುದ್ರಕ್ಕೆ ಎಸೆಯೋಣವೆಂದರೆ ಅದಕ್ಕೂ ಅನುಮತಿಯಿಲ್ಲ — ತೇಲುವ ಕಸ ನೋಡಿ ಜಲಾಂತರ್ಗಾಮಿ ಬೆನ್ನು ಹತ್ತುತ್ತದಂತೆ. ನಾನೇ ತಿಂದೆ.

ಏಪ್ರಿಲ್ 2.

ಇಷ್ಟು ದಿನ ಬರೆಯಲು ಮನಸ್ಸಾಗಲಿಲ್ಲ. ಇವತ್ತು ಬರೆಯದೆ ಇರಲಾಗುತ್ತಿಲ್ಲ.

ನಮ್ಮ ಜೊತೆ ಗುಂಪಾಗಿ ಸಾಗುತ್ತಿದ್ದ ಹಡಗುಗಳಲ್ಲಿ ಪಕ್ಕದ ಸಾಲಿನದೊಂದು ಜಲಾಂತರ್ಗಾಮಿಯ ಹೊಡೆತಕ್ಕೆ ಮುಳುಗಿತು. ಹಾಡಹಗಲೇ. ನಾವು ನಿಲ್ಲಲಿಲ್ಲ. ನಿಂತರೆ ನಾವೂ ಗುರಿ. ನೀರಿನ ತುಂಬ ತಲೆಗಳು, ಕೈ ಬೀಸುತ್ತಿದ್ದರು... ನಾನು ಸೂಪು ಆರುತ್ತದೆಂದು ಒಳಗೆ ಬಂದು ಬಡಿಸಿದೆ. ಯಾರೂ ಚಮಚ ಎತ್ತಲಿಲ್ಲ.

"ಲೈಫ್ ಬೆಲ್ಟ್ ಕಟ್ಕೊಂಡಿದ್ದೋರ ತಲೆ ಮಾತ್ರ ಕಂಡಿದ್ದು ಕಣಪ್ಪಾ," ಎಂದ ಮ್ಯಾಡಕ್, ನನ್ನ ಜೊತೆಯ ಮುದಿ ಸ್ಟೀವರ್ಡ್. "ಉಳಿದೋರು ಆಗ್ಲೇ ಹೋಗಿದ್ರು."

ಭಯವಾಗುತ್ತಿದೆ. ನನಗಾಗಿ ಅಲ್ಲ.

ಏಪ್ರಿಲ್ 3, ಸಂಜೆ.

ನೆಡ್ ತಾನಾಗಿಯೇ ಬಂದ! ಊಟದ ಹಾಲಿನ ಹಿಂದಿನ ನಮ್ಮ ಕೋಣೆಯ ಬಾಗಿಲಲ್ಲಿ ನಿಂತ. ಮುಖ ಬಿಳಿಚಿಕೊಂಡಿತ್ತು.

"ಹೆದ್ರಿಕೆ ಆಗ್ತಿದೆ ವಿಲ್ಫು. ಕೆಳಗೆ ಸಮುದ್ರದ ಸದ್ದು ಗೋಡೆಯಾಚೆನೇ ಕೇಳುತ್ತೆ. ನಮ್ ಹುಡುಗ್ರ ಮುಂದೆ ಹೇಳೋಕಾಗಲ್ಲ."

"ಕೂತ್ಕೋ. ಮೊದ್ಲು ತಿನ್ನು."

ಸಾಹೇಬರ ಮೇಜಿನಲ್ಲಿ ಉಳಿದದ್ದು ಬಾಯ್ಲರಿಗೆ ಬೆಂಕಿ ಹಾಕುವವರ ಪಾಲು, ನಮ್ಮ ಹಡಗುಗಳಲ್ಲಿ ಅದು ಹಿಂದಿನಿಂದ ಬಂದ ಪದ್ಧತಿ. ಕೇಳಿದೆ, ಅವರೇ ಒಂದು ತಟ್ಟೆ ಬಿಟ್ಟುಕೊಟ್ಟರು. ಕುರಿಮಾಂಸ, ಪುದೀನ ಸಾಸು, ಪುಡಿಂಗ್.

"ಗ್ಲೌಸ್ ಎಲ್ಲೋ? ನಂಗೂ ಸರಿಯಾಗಿ ಬಡಿಸು," ಎಂದ ಕಳ್ಳ.

ಹಾಕಿಕೊಂಡೆ. ತೋಳಿನ ಮೇಲೆ ಬಿಳಿ ಟವೆಲು. ದೊಡ್ಡ ಅತಿಥಿಗೆ ಮಾಡುವ ಉಪಚಾರವನ್ನೆಲ್ಲ ಮಾಡಿದೆ — ಬಗ್ಗಿ ನಮಸ್ಕಾರ, ಮೈಮೇಲಿದ್ದುದನ್ನು ಇಸಿದುಕೊಳ್ಳುವುದು, ಕುರ್ಚಿ ಎಳೆಯುವುದು. "ಇನ್ನೊಂದು ಚೂರು, ಸರ್?" ನಕ್ಕು ನಕ್ಕು ಅವನಿಗೆ ಪುಡಿಂಗ್ ನೆತ್ತಿಗೇರಿತು. ಅಷ್ಟರಲ್ಲಿ ಪ್ಲಂಕೆಟ್‌ನ ಸೀಟಿ. ಬಾಯಿ ಒರೆಸಿಕೊಳ್ಳುತ್ತಾ ಓಡಿದ.

ಎಷ್ಟು ಖುಷಿಯಾಯಿತು ನನಗೆ.

ಏಪ್ರಿಲ್ 4, ಬೆಳಿಗ್ಗೆ.

ನಮ್ಮ ಕೋಣೆಯ ಕೋಟುಗಳ ಸಾಲಿನಲ್ಲಿ ನೆಡ್‌ನ ಲೈಫ್ ಬೆಲ್ಟ್, ಹಗಲೂ ರಾತ್ರಿ ಮೈಮೇಲೆ ಇರಲೇಬೇಕಾದದ್ದು. ದಾರಗಳನ್ನು ನೀಟಾಗಿ ಮಡಿಸಿ ಮೊಳೆಗೆ ತೂಗುಹಾಕಿದ್ದೇನೆ. ನಾನೇ. ಬಂದವರ ಮೈಮೇಲಿನದು ತೆಗೆದು ತೂಗುಹಾಕಿ ಹಾಕಿ ಅಭ್ಯಾಸವಾದ ಕೈ. ಸುಡಬೇಕು ಈ ಕೈಯನ್ನು.

ಬೆಲ್ಟ್ ಹಿಡಿದು ಮೆಟ್ಟಿಲಿಗೆ ಓಡಿದೆ. ಪ್ಲಂಕೆಟ್ ಅಡ್ಡ ನಿಂತ.

"ಇನ್‌ಸ್ಪೆಕ್ಷನ್ ನಡೀತಿದೆ. ಊಟ ಆದ್ಮೇಲೆ ಬಾ."

"ಒಬ್ರು ಮರೆತು ಹೋಗಿದಾರೆ ಸಾರ್ಜೆಂಟ್. ಕೊಟ್ಟು ಓಡಿ ಬರ್ತೀನಿ."

"ಯಾರವ್ನು? ಹೆಸ್ರು ಹೇಳು. ದಡ ಸೇರೋ ತನಕ ಕಕ್ಕಸು ತೊಳ್ಸ್ತೀನಿ ನನ್ಮಗನ ಕೈಲಿ."

ಹೆಸರು ಹೇಳಲಿಲ್ಲ. ವಾಪಸ್ ಬಂದೆ. ಹೇಳಿಬಿಡಬೇಕಿತ್ತು.

ಮಧ್ಯಾಹ್ನ.

ಸಾಹೇಬರು ಕಾಫಿ ಕುಡಿಯುತ್ತಿದ್ದಾರೆ. ಇನ್ನೇನು ಏಳುತ್ತಾರೆ. ಬೆಲ್ಟ್ ಮಡಿಲಲ್ಲೇ ಇದೆ. ಅವರು ಎದ್ದ ಕೂಡಲೇ ಕೆಳಗೆ —

ಹೊಡೆತ. ಕಾಫಿ ಲೋಟಗಳೆಲ್ಲ ಒಂದೇ ಕಡೆ ಜಾರಿದವು. ಗಂಟೆ. ಡ್ರಿಲ್ ಅಲ್ಲ ಇದು.

ಮ್ಯಾಡಕ್ ಬಾಗಿಲಲ್ಲಿ. "ಪೆನ್ಸಿಲ್ ಬಿಸಾಕೋ ಹುಚ್ಚಾ! ಮೇಲೆ ನಡಿ! ನೀರು ಮೇಲೆ ಬರದ ಹಾಗೆ ಕೆಳಗಿನ ಬಾಗಿಲು ಮುಚ್ತಿದಾರೆ!"

ಎಡಗಡೆಯ ಮೆಟ್ಟಿಲ ತುಂಬ ಬೂಟಿನ ಸದ್ದು. ಎಲ್ಲರೂ ಹತ್ತುತ್ತಿದ್ದಾರೆ. ಮುಖಗಳನ್ನು ನೋಡುತ್ತಲೇ ಇದ್ದೇನೆ, ನೆಡ್ ಇಲ್ಲ.

ಬಲಗಡೆಯದು ಖಾಲಿ. ಪ್ಲಂಕೆಟ್ ಕೂಡ ಇಲ್ಲ. ಅಮ್ಮಾ, ನೋಡಿಕೊಳ್ಳುತ್ತೇನೆ. ಒಂದೇ ಓಟ. ಇಳಿದು, ಕೊಟ್ಟು