ಮಂದ ಎಣ್ಣೆ

ಜೂನ್ ೧೪, ಶನಿವಾರ

ಮದುವೆಯಾದ ಮೇಲೆ ಮೊದಲ ಸಲ ಮಾವ ನನಗೊಂದು ಕೆಲಸ ಹೇಳಿದರು! ಅವರ ಮೂವತ್ತು ವರ್ಷದ ಮುದ್ದಿನ ಕಾರಿಗೆ ಇಂಜಿನ್ ಆಯಿಲ್ ತರುವುದು. "ಮಂದ ಇರೋದೇ ತಗೊಂಡು ಬಾಮ್ಮ" ಅಂದರು. ಈಚೆಗೆ ಕಲಿತ ನನ್ನ ಕನ್ನಡದಲ್ಲಿ ಮಂದ ಅಂದರೆ ಮಂದ ಬೆಳಕು, ಮಂದಹಾಸ... ಪಾಪ, ಮುದಿ ಕಾರಿಗೆ ಮೃದುವಾದದ್ದು ಬೇಕೇನೋ ಅಂದುಕೊಂಡು, ಅಂಗಡಿಯಲ್ಲಿ "ತುಂಬಾ ಲೈಟ್ ಇರೋದು ಕೊಡಿ" ಅಂದೆ. ಮಾವ ಡಬ್ಬ ಓದದೆಯೇ ಅತ್ತೆಗೆ, "ನೋಡೇ, ನನ್ನ ಸೊಸೆ ತಂದಿದ್ದು!" ಅಂದರು. ತೇಲಿಹೋದೆ.

ಈಗ ಇವರು ಬಿದ್ದು ಬಿದ್ದು ನಗುತ್ತಿದ್ದಾರೆ. "ಮಂದ ಅಂದ್ರೆ ದಪ್ಪ ಕಣೇ! ಈ ನೀರಿನಂಥದ್ದು ಹಾಕಿದ್ರೆ ಹಳೇ ಇಂಜಿನ್ ಸವೆದುಹೋಗುತ್ತೆ."

"ಹಾಗಾದ್ರೆ ಮಂದ ಬೆಳಕು ಅಂದ್ರೆ ದಪ್ಪ ಬೆಳಕಾ?"

ಇವರು ನಗುತ್ತಲೇ ಮಗ್ಗುಲು ಬದಲಿಸಿದರು.

ಮಾವ ನಾಳೆ ಬೆಳಿಗ್ಗೆಯೇ ಆಯಿಲ್ ಹಾಕುತ್ತಾರೆ. ಎದುರಿಗೆ ಹೇಳಲು ನಾಚಿಕೆಯಾಗಿ ಡಬ್ಬದ ಮೇಲೆ ಕನ್ನಡದಲ್ಲೇ ಚೀಟಿ ಅಂಟಿಸಿ ಬಂದೆ. ಅಯ್ಯೋ, 'ಹಾಕಬೇಡಿ' ಅಂತ ಬರೆದೆನೋ, 'ಹಾಕಿಬಿಡಿ' ಅಂತಲೋ? ಏಳಬೇಕು, ಟಾರ್ಚ್ ಎಲ್ಲಿ...