ಗುಡುಗಿಗೆ ಕಿತ್ತ ವೈರು

ಏಪ್ರಿಲ್ 28, ಸೋಮವಾರ. ಒಂದೊತ್ತು. ಕೊಟ್ಟಿಗೆ ಬಳಿದು ಪೂಜೆ ಮುಗಿಸಿದೆ. ರಾತ್ರಿಯೂ ಅನ್ನ ಇಳಿಯಲಿಲ್ಲ.

ತೀರಿಹೋದ ನಮ್ಮನೆಯವರು ಮೆಣಸಿನ ಬಳ್ಳಿಯ ಬಗ್ಗೆ ಮಾತಾಡಿದ್ದ ಕೃಷಿ ಕಾರ್ಯಕ್ರಮವನ್ನು ಮಧ್ಯಾಹ್ನ ಟಿವಿಯಲ್ಲಿ ಮತ್ತೆ ಹಾಕಿದರು. ಅವರ ದನಿ ಬೇರೆಲ್ಲೂ ಉಳಿದಿಲ್ಲ. ಡಿಶ್ ಬಾಕ್ಸಿಗೆ ಪೆನ್‌ಡ್ರೈವ್ ಚುಚ್ಚಿ, ರೆಕಾರ್ಡಿಗೆ ಇಟ್ಟು, ಮಂಗಳಾರತಿಗೆ ಗುಡಿಗೆ ಹೋದೆ. ಬರುವಷ್ಟರಲ್ಲಿ ಗುಡುಗಿತ್ತು, ಅತ್ತೆ ವೈರು ಕಿತ್ತಿದ್ದರು. ಪೆನ್‌ಡ್ರೈವಿನಲ್ಲಿ ಏನೂ ಉಳಿದಿರಲಿಲ್ಲ.

“ಗುಡುಗಿದ್ರೆ ಮೊದ್ಲು ವೈರ್ ಕೀಳವ್ವ ಅಂತ ನಿನ್ ಗಂಡನೇ ಅಲ್ವೇನೇ ಹೇಳ್ಕೊಟ್ಟಿದ್ದು?”

ಬೈಯಲಾಗಲಿಲ್ಲ. ಅವರ ಪಾಲಿಗೆ ಅದೂ ಮಗನ ಮಾತೇ.

ವಿರಾಜಪೇಟೆಯ ನಾದಿನಿ ಕಾಂತಮ್ಮನಿಗೂ ರೆಕಾರ್ಡ್ ಮಾಡಲು ಹೇಳಿದ್ದೆ. ಮಾಡಿದಳೋ ಇಲ್ಲವೋ, ಫೋನು ಸಿಗುತ್ತಿಲ್ಲ. ನನ್ನ ಕಿವಿಯಲ್ಲಿ ಅವರ ದನಿ ಆಗಲೇ ಮಸುಕಾಗುತ್ತಿದೆ. ಸ್ವಾಮೀ, ‘ಆಗಿದೆ ಅತ್ತಿಗೆ’ ಅನ್ನುವ ಅವಳ ಉತ್ತರವನ್ನು ನೀನೇ ತಂದುಕೊಡಪ್ಪ.