ಮಹದೇವುವಿನ ಮೊದಲ ಎಡೆ

ಕುವೆಂಪುನಗರ, ಮೈಸೂರು
ಸೆಪ್ಟೆಂಬರ್ ೧೮, ಗುರುವಾರ

ಚಿ. ಸೌ. ಪದ್ಮಾವತಿಗೆ ನಿನ್ನ ಅತ್ತೆ ಸರೋಜಮ್ಮನ ಆಶೀರ್ವಾದಗಳು.

‘ಸೌ.’ ಬರೆಯುವಾಗ ಪೆನ್ನು ನಿಂತಿತು. ಗಂಡ ಹೋದ ಮೇಲೆ ಹಾಗೆ ಬರೆಯಬಾರದಂತೆ. ಬರೆಯಬಾರದು ಅನ್ನುವವರು ಬಂದು ನನ್ನ ಕೈ ಹಿಡಿಯಲಿ, ನೋಡೋಣ. ನಿನ್ನ ತಲೆನೋವು ಹೇಗಿದೆ? ನಿದ್ದೆ ಹತ್ತುತ್ತಿದೆಯೇ? ಗಗನ ಊಟ ಮಾಡುತ್ತಾಳೋ, ಇಲ್ಲ ಅಪ್ಪ ಫೋನ್ ಮಾಡಿದ ಮೇಲೆ ತಿನ್ನುತ್ತೇನೆ ಅಂತ ಈಗಲೂ ತಟ್ಟೆ ತಳ್ಳುತ್ತಾಳೋ? ನನಗೇನೂ ಆಗಿಲ್ಲ, ಮಂಡಿ ಒಂದು ಆಗಾಗ ಹಿಡಿದುಕೊಳ್ಳುತ್ತದೆ. ನೀನು ಮೊಬೈಲ್ ಆಫ್ ಮಾಡಿ ಮಳವಳ್ಳಿಗೆ, ತವರಿಗೆ ಹೋದದ್ದು ಒಳ್ಳೆಯದೇ ಆಯಿತು. ಟಿವಿಯವರು ಈಗ ನನ್ನ ನಂಬರ್ ಹಿಡಿದಿದ್ದಾರೆ. ಮೊನ್ನೆ ಒಬ್ಬ ಹುಡುಗಿ ‘ಅಮ್ಮಾ, ನಿಮಗೆ ಹೆಮ್ಮೆ ಆಗ್ತಿದೆಯಾ, ದುಃಖ ಆಗ್ತಿದೆಯಾ’ ಅಂತ ಕೇಳಿದಳು. ‘ನಿಂದು ಊಟ ಆಯ್ತಾ ತಾಯಿ’ ಅಂತ ಕೇಳಿ ಫೋನ್ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ನಿಮ್ಮ ಚಿಕ್ಕಪ್ಪ ಕಾಳಯ್ಯನವರು ಕಣ್ಣು ತೋರಿಸಲು ಬಂದಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಸಿಟ್ಟು ಮಾಡಿಕೊ, ಆದರೆ ಅಳಬೇಡ. ನಮ್ಮ ಮಹದೇವು ಈಗ ಸೈನಿಕನಾಗಿದ್ದಾನೆ. ಹೌದು ಕಣಮ್ಮ. ಟ್ರಾವೆಲ್ಸಿನವರ ಜೊತೆ ಉತ್ತರದ ಯಾತ್ರೆಗೆ ಹೋಗಿ ಬಸ್ಸು ತುಂಬ ಜನಕ್ಕೆ ಅನ್ನ ಸಾಂಬಾರು ಬೇಯಿಸುತ್ತಿದ್ದವನು, ಆಷಾಢದಲ್ಲಿ ಆ ಪಾಪಿಗಳು ಗುಡ್ಡದ ಮೇಲಿಂದ ಗುಂಡು ಹಾರಿಸಿದಾಗ ಒಲೆ ಮುಂದೆ ಕೂತಿದ್ದವನು, ಇವತ್ತು ನಮ್ಮ ಬಡಾವಣೆಯ ತಿರುವು ತಿರುವಿನಲ್ಲೂ ಸಮವಸ್ತ್ರ ತೊಟ್ಟು ಬಂದೂಕು ಹಿಡಿದು ನಿಂತಿದ್ದಾನೆ. ಫ್ಲೆಕ್ಸಿನಲ್ಲಿರುವ ತಲೆ ನಮ್ಮವನದೇ, ನಿಮ್ಮ ಮದುವೆ ಫೋಟೋದಿಂದ ಕಿತ್ತದ್ದು. ಕಿವಿಯ ಪಕ್ಕ ಬಾಸಿಂಗದ ದಾರ ಹಾಗೇ ಉಳಿದುಕೊಂಡಿದೆ. ಮೈ ಯಾರದೋ ಗೊತ್ತಿಲ್ಲ. ಕೆಳಗೆ ಅವನಿಗಿಂತ ದೊಡ್ಡದಾಗಿ ಲಿಂಗರಾಜು ಕೈಮುಗಿದುಕೊಂಡಿದ್ದಾನೆ. ಸೈಟ್ ಬ್ರೋಕರ್ ಲಿಂಗರಾಜು ಕಣೆ, ಈಗ ‘ವೀರ ನಮನ ಸಮಿತಿ’ಯ ಅಧ್ಯಕ್ಷ. ಕಾರ್ಪೊರೇಷನ್ ಎಲೆಕ್ಷನ್ ಮುಗಿಯುವ ತನಕ ಅವನ ಕಣ್ಣೀರು ಆರುವುದಿಲ್ಲ. ನನ್ನ ಮಗ ಅಡುಗೆಯವನಪ್ಪ, ಬಂದೂಕು ಮುಟ್ಟಿದವನಲ್ಲ ಅಂತ ಹೋಗಿ ಹೇಳಿದೆ. ‘ಅಡುಗೆಯವ್ನು ಅಂದ್ರೆ ಜನಕ್ಕೆ ರೋಷ ಬರಲ್ಲ ಕಣಮ್ಮ, ಸುಮ್ನಿದ್ಬುಡಿ’ ಅಂದ. ನಿಜವಾಗಿ ಗಡಿ ಕಾಯುವ ಮಕ್ಕಳ ಬಟ್ಟೆಯನ್ನು ನಾಟಕದ ಬಟ್ಟೆಯ ಹಾಗೆ ಯಾರಿಗೆ ಬೇಕೋ ಅವರಿಗೆ ತೊಡಿಸಬಹುದೇ? ಅದನ್ನು ಕೇಳಿದರೆ ನನಗೇ ದೇಶಾಭಿಮಾನ ಕಮ್ಮಿ ಅಂತಾನೆ.

ಶೋಕವೋ, ಕೇಳಬೇಡ. ಸ್ಕೂಟರ್ ಶೋರೂಮಿನಲ್ಲಿ ‘ಶ್ರದ್ಧಾಂಜಲಿ ರಿಯಾಯಿತಿ’. ಬೇಕರಿಯಲ್ಲಿ ಮೂರು ಬಣ್ಣದ ಕೇಕು. ಮೇಣದಬತ್ತಿ ಮೆರವಣಿಗೆಯಲ್ಲಿ ಹಿಂದಿನ ಬೀದಿಯ ಡಾಕ್ಟರ ಹೆಂಡತಿ ನನ್ನ ಭುಜದ ಮೇಲೆ ತಲೆಯಿಟ್ಟು ಅತ್ತಳು, ವಿಡಿಯೋ ಸರಿಯಾಗಿ ಬರಲಿಲ್ಲ ಅಂತ ಮಗಳು ಹೇಳಿದ್ದಕ್ಕೆ ಕಣ್ಣು ಒರೆಸಿಕೊಂಡು ಮತ್ತೊಂದು ಸಲ ಅತ್ತಳು. ಎರಡನೇ ಸಲ ಚೆನ್ನಾಗಿ ಅತ್ತಳು, ಸುಳ್ಳು ಯಾಕೆ ಹೇಳಲಿ. ನನಗೆ ಅಳು ಬಂದಿದ್ದು ಮನೆಗೆ ಬಂದ ಮೇಲೆ, ಅವನ ಚಪ್ಪಲಿ ಕಾಲಿಗೆ ತೊಡರಿದಾಗ.

ಇದು ಸಾಲದು ಅಂತ ಮಸಾಲೆ ಪುಡಿ ಕಂಪನಿಯ ಮಹಾಂತೇಶ್ ಅನ್ನುವವನೊಬ್ಬ ವಕ್ಕರಿಸಿದ್ದಾನೆ. ಲಿಂಗರಾಜು ಮರೆತರೂ ನಮ್ಮವನು ಅಡುಗೆಯವನು ಅನ್ನುವುದು ಇವನಿಗೆ ಚೆನ್ನಾಗಿ ನೆನಪಿದೆ. ‘ಯೋಧ ಸಾಂಬಾರ್ ಪುಡಿ’ ಮಾಡಿಸಿದ್ದಾನೆ. ಪೊಟ್ಟಣದ ಮೇಲೆ ಸಮವಸ್ತ್ರ ಹಾಗೇ ಇದೆ, ಬಂದೂಕು ಹೋಗಿ ಕೈಗೆ ಸೌಟು ಬಂದಿದೆ. ಈ ಭಾನುವಾರ ಮಹಾಲಯ ಅಮಾವಾಸ್ಯೆ ತಾನೆ, ನಮ್ಮ ಮನೆಯ ಎಡೆಯನ್ನೇ ಸರ್ಕಲ್ಲಿಗೆ ಎಳೆದುಕೊಂಡು ಹೋಗಿ ಶಾಮಿಯಾನದ ಕೆಳಗೆ ಇಡುತ್ತಾರಂತೆ. ನೀನು ಬಿಳಿ ಸೀರೆ ಉಟ್ಟು ಬಂದು ಪೊಟ್ಟಣ ಬಿಡುಗಡೆ ಮಾಡಬೇಕಂತೆ. ಆ ಪುಡಿಯ ಸಾಂಬಾರನ್ನು ಅವನ ಎಲೆಗೆ ಬಡಿಸಿ ‘ಇದೇ ನನ್ನ ಗಂಡನ ಕೈರುಚಿ’ ಅಂತ ಮೈಕಿನಲ್ಲಿ ಹೇಳಬೇಕಂತೆ. ‘ಜನರ ಮನಸ್ಸಿಗೆ ನೇರವಾಗಿ ತಟ್ಟುತ್ತೆ ಅಮ್ಮಾ’ ಅಂತ ನನಗೆ ಪಾಠ ಹೇಳಿದ.

ಸಾಂಬಾರು! ನಿನಗೆ ನಗು ಬಂದಿರಬೇಕು. ಊರವರಿಗೆಲ್ಲ ಅದನ್ನು ಕುದಿಸಿ ಕುದಿಸಿ, ವಾಸನೆ ಬಂದರೇ ಹೊಟ್ಟೆ ತೊಳಸುತ್ತದೆ ಅನ್ನುತ್ತಿದ್ದವನು ಅವನು. ಯಾತ್ರೆ ಮುಗಿಸಿ ಬಂದರೆ ಚಪ್ಪಲಿ ಬಿಡುವ ಮೊದಲೇ ‘ಪದ್ಮಾ, ಉಪ್ಸಾರು ಮುದ್ದೆ ಮಾಡ್ಬುಡು’ ಅಂತ ಬಾಗಿಲಿನಿಂದಲೇ ಕೂಗುತ್ತಿದ್ದ. ಮಾರನೇ ದಿನ ನಾಟಿ ಕೋಳಿ, ಆಮೇಲೆ ಜಗುಲಿಯಲ್ಲಿ ಕೂತು ಒಂದು ಬೀಡಿ. ಸತ್ತವರಿಗೆ ಇಷ್ಟವಾದದ್ದನ್ನೇ ಎಡೆಗೆ ಇಡುವುದು ನಮ್ಮ ಪದ್ಧತಿ, ಇಡುವುದಾದರೆ ಇವನ್ನೇ ಇಡುತ್ತೇನೆ ಅಂದೆ. ಲಿಂಗರಾಜು ಬೆಚ್ಚಿಬಿದ್ದ. ‘ಬಾವುಟದ ಕೆಳ್ಗೆ ಕೋಳಿ, ಬೀಡಿ ಇಡಕ್ಕಾಯ್ತದಾ? ಹುತಾತ್ಮರ ಮರ್ಯಾದೆ ಏನಾಗ್ಬೇಕು?’ ಅವನಪ್ಪನ ಎಡೆಗೆ ವರ್ಷವರ್ಷವೂ ಕ್ವಾರ್ಟರ್ ಬಾಟಲಿ ಇಡುವುದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಅವನಪ್ಪನಿಗೆ ಬೇಕಾದ್ದು ಸಿಗಬಹುದು, ನನ್ನ ಮಗನಿಗೆ ಸಿಗಬಾರದು.

ಇವರ ಫ್ಲೆಕ್ಸು, ಕೇಕು, ಪುಡಿ ಎಲ್ಲ ಹಾಳಾಗಿ ಹೋಗಲಿ ಪದ್ಮಾ. ನನಗೆ ಸಂಕಟ ಆಗುವುದು ಒಂದಕ್ಕೇ. ಹೋದ ಮೇಲೆ ಮೊದಲನೇ ಸಲ ಹಸಿದುಕೊಂಡು ಊಟಕ್ಕೆ ಬರುತ್ತಾನೆ ಮಗ. ಅವನ ಎಲೆಯ ಮೇಲೆ ಅವನಿಗೆ ಆಗದ್ದನ್ನು, ಅದೂ ನಿನ್ನ ಕೈಯಿಂದ ಬಡಿಸಿದರೆ, ಎದ್ದು ಹೋಗುವುದಿಲ್ಲವೇ?

ಭಾನುವಾರ ಬೆಳಿಗ್ಗೆ ನಿನ್ನನ್ನು ಕರೆತರಲು ಕಾರು ಕಳಿಸುತ್ತೇವೆ ಅಂದಿದ್ದಾರೆ. ‘ಆಗಲಪ್ಪ’ ಅಂದಿದ್ದೇನೆ. ನಿಮ್ಮ ಅಪ್ಪ ಅಮ್ಮನಿಗೆ ನನ್ನ ನಮಸ್ಕಾರ ಹೇಳು. ಗಗನಳಿಗೆ ಅಜ್ಜಿ ಮುತ್ತು ಕಳಿಸಿದ್ದಾಳೆ ಅನ್ನು. ಹೊತ್ತು ಹೊತ್ತಿಗೆ ಊಟ ಮಾಡು, ನನ್ನಾಣೆ.

ನಿನ್ನ ಅತ್ತೆ,
ಸರೋಜಮ್ಮ

ಮರೆತಿದ್ದೆ: ಕಾಳಯ್ಯನವರು ಬಸ್ಸಿಗೆ ಹೊತ್ತಾಯಿತು ಅಂತ ಗೇಟಿನ ಹತ್ತಿರ ಗೊಣಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ‘ಆಗಲಪ್ಪ’ ಅಂದದ್ದು ಅವರ ಬಾಯಿ ಮುಚ್ಚಿಸಲಿಕ್ಕೆ. ಕಾರು ಬಂದರೆ ಬಾಗಿಲು ತೆಗೆಯಬೇಡ. ಶನಿವಾರ ಸಂಜೆ ನಾನೇ ಮಳವಳ್ಳಿಗೆ ಬರುತ್ತೇನೆ, ಅವನು ಬನಿಯನ್ ಹಾಕಿಕೊಂಡು ನಗುತ್ತಿರುವ ಆ ಫೋಟೋ, ಹೊಸ ಪಂಚೆ, ಬೀಡಿಕಟ್ಟು ಎಲ್ಲ ಚೀಲಕ್ಕೆ ಹಾಕಿಟ್ಟಿದ್ದೇನೆ. ಅಳಿಯನ ಎಡೆಯನ್ನು ಮಾವನ ಮನೆಯಲ್ಲಿ ಇಡುವ ಪದ್ಧತಿಯಿಲ್ಲ ಅಂತ ನಿಮ್ಮಪ್ಪ ಅಂದರೆ ನಾನು ಮಾತಾಡಿಕೊಳ್ಳುತ್ತೇನೆ. ನೀನೂ ಮಗುವೂ ಅಲ್ಲಿರುವಾಗ ಅವನು ಈ ಸರ್ಕಲ್ಲಿಗೆ ಯಾಕೆ ಬರುತ್ತಾನೆ? ಕೋಳಿ ಅಲ್ಲೇ ನೋಡಿಟ್ಟಿರು. ಉಪ್ಸಾರಿಗೆ ಖಾರ ಸ್ವಲ್ಪ ಮುಂದಾಗಿಯೇ ಇರಲಿ. ಮುದ್ದೆ ಮಾತ್ರ ಬಿಸಿಬಿಸಿಯಾಗಿರಬೇಕು ಕಣಮ್ಮ, ದೂರದಿಂದ ಬರುತ್ತಾನೆ.